ಸಿದ್ರಾಮಣ್ಣ ತಮ್ಮನಿಗೆ ಕಾರು ಕಟ್ಟಿದ ವರ್ಷ

ಸಿದ್ರಾಮಣ್ಣ ತೀರಿಕೊಂಡು, ಮಣ್ಣಾಗಿ ಕೆಲವು ದಿನ ಕಳೆದಿದ್ದವು. ಮನೆಯವರನ್ನು ಮಾತಾಡಿಸಿ ಬರೋಣವೆಂದು ಬನಹಟ್ಟಿಯಿಂದ ಹಿಪ್ಪರಗಿಯ ಬಸ್ಸು ಹತ್ತಿದ್ದೆ. ಕಬ್ಬಿನ ಹಂಗಾಮು. ರಬಕವಿ ದಾಟಿದ ಮೇಲೆ ಕಬ್ಬು ಹೇರಿದ ಟ್ರೇಲರೊಂದು ಅಚ್ಚು ಮುರಿದುಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ಯಾರೋ ಅಲ್ಲಿಗೇ ಬೆಸುಗೆ ಯಂತ್ರ ತಂದು ಕಿಡಿ ಹಾರಿಸುತ್ತಿದ್ದರು. ಕಾದ ಕಬ್ಬಿಣದ, ಸುಟ್ಟ ಬಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನನಗೇ ಗೊತ್ತಿಲ್ಲದೆ ಎದ್ದು ನಿಂತುಬಿಟ್ಟೆ. ಹಿಪ್ಪರಗಿ ಇನ್ನೂ ದೂರ ಇದೆ, ಕೂಡ್ರಿ ಅಂದಳು ಪಕ್ಕದಲ್ಲಿದ್ದವಳು. ಕೂತೆ. ಆದರೆ ಬಸ್ಸು ಬಿಡುವವರೆಗೂ, ಬಿಟ್ಟ ಮೇಲೂ, ನಾನು ಆ ಒಂದು ವರ್ಷದೊಳಗೇ ಇದ್ದೆ.

ನಮ್ಮ ಕಡೆಯವರಿಗೆ ಸಿದ್ರಾಮಣ್ಣ ಯಾರೆಂದು ಹೇಳಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ಈ ಸೀಮೆಯಲ್ಲೆಲ್ಲ ಸ್ವಂತ ಕೈಯಿಂದ ಕಾರು ಕಟ್ಟಿದ ಮೊದಲ ಮನುಷ್ಯ ಅವರು. ಹಳೆಯ ಜೀಪಿನ ಅಡಿಗಟ್ಟು ತರುತ್ತಿದ್ದರು, ಮೂಲೆಗೆ ಬಿದ್ದ ವ್ಯಾನಿನ ಎಂಜಿನ್ನು ತರುತ್ತಿದ್ದರು. ಉಳಿದದ್ದೆಲ್ಲ ತಗಡು ಬಡಿದು, ಬಗ್ಗಿಸಿ, ಬೆಸೆದು ತಾವೇ ಮಾಡಿದ್ದು. ಹಿಪ್ಪರಗಿಯ ಹೊಳೆದಂಡೆಗೆ ಅವರದು ದೊಡ್ಡ ಹೊಲ. ಹಿರಿಯ ಮಗ ಕಬ್ಬಿನ ಕಡೆ ಮುಖ ಹಾಕದೆ ಗುಜರಿ ಅಂಗಡಿಗಳಲ್ಲಿ ತಿರುಗುತ್ತಾನೆಂದು ಅವರ ತಂದೆಗೆ ಕೊನೆಯತನಕ ಮುನಿಸಿತ್ತಂತೆ. ಮೊದಲ ಕಾರು ಜಮಖಂಡಿಯ ಪೇಟೆಯಲ್ಲಿ ಹಾದುಹೋದ ದಿನ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತಿದ್ದರು. ಉದ್ದನೆಯ ಮೂತಿ, ಮೇಲೆ ಹೊದಿಕೆಯಿಲ್ಲ, ಸಂಸ್ಥಾನದ ಕಾಲದ ಫೋಟೋದಿಂದ ಎದ್ದು ಬಂದ ಹಾಗೆ. ಆಮೇಲೆ ಮದುವೆಯ ಮೆರವಣಿಗೆಗೆ ಸಿದ್ರಾಮಣ್ಣನ ಕಾರೇ ಆಗಬೇಕೆಂದು ಮುಧೋಳದಿಂದ, ಬೀಳಗಿಯಿಂದ ಜನ ಬಂದು ಶೆಡ್ಡಿನ ಮುಂದೆ ಕೂತಿರುತ್ತಿದ್ದರು.

ಆ ಕಾರುಗಳನ್ನು ಓಡಿಸುತ್ತಿದ್ದವನು ಅವರ ತಮ್ಮ ಶ್ರೀಶೈಲ. ವಯಸ್ಸಿನಲ್ಲಿ ಬಹಳ ಚಿಕ್ಕವನು, ಅಣ್ಣ ಎತ್ತಿ ಆಡಿಸಿದ ತಮ್ಮ. ಕಾರು ತಯಾರಾಯಿತೆಂದರೆ ಅದನ್ನು ಮೊದಲು ರಸ್ತೆಗೆ ಇಳಿಸುವ ಹಕ್ಕು ಅವನದು. ಆ ಹಕ್ಕೇ ಅವನನ್ನು ಕೆಡಿಸಿತು. ಮುಧೋಳದ ಒಂದು ಮದುವೆಗೆಂದು ಕಟ್ಟುತ್ತಿದ್ದ ಕಾರು. ಸ್ಟೇರಿಂಗಿನ ಜೋಡಣೆಗೆ ಪೂರ್ತಿ ಬೆಸುಗೆ ಆಗಿರಲಿಲ್ಲ. ಸದ್ಯಕ್ಕೆ ಹಿಡಿದು ನಿಲ್ಲಲಿ ಎಂದು ಅಲ್ಲಲ್ಲಿ ಚುಕ್ಕಿ ಬೆಸುಗೆ ಹೊಡೆದಿದ್ದರಷ್ಟೆ. ಸಿದ್ರಾಮಣ್ಣ ಊಟಕ್ಕೆ ಮನೆಗೆ ಹೋದಾಗ ಶ್ರೀಶೈಲ ಅದನ್ನು ತೆಗೆದುಕೊಂಡು ಹೊಳೆಗೆ ಕಟ್ಟಿದ ಬ್ಯಾರೇಜಿನ ಕಡೆ ಹೊರಟ. ತಿರುವಿನಲ್ಲಿ ಜೋಡಣೆ ಕಿತ್ತಿತು. ಕಾರು ಕಾಲುವೆಗೆ ಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಸಿದ್ರಾಮಣ್ಣ ಶೆಡ್ಡಿಗೆ ಬೀಗ ಹಾಕಿ, ತಂದೆ ಇದ್ದಾಗ ಮಾಡದ ಒಕ್ಕಲುತನಕ್ಕೆ ಇಳಿದರು. ಅಣ್ಣ ತಮ್ಮ ಒಂದೇ ಸೂರಿನಡಿ ಇದ್ದರು, ಮಾತು ನಿಂತುಹೋಗಿತ್ತು. ಶ್ರೀಶೈಲ ಹೇಳಿದ್ದು ಒಂದೇ: ಗಟ್ಟಿ ಆಗಿಲ್ಲವೆಂದು ನನಗೆ ಯಾರೂ ಹೇಳಲಿಲ್ಲ. ಅದನ್ನು ಊರೆಲ್ಲ ನಂಬಿತ್ತು, ಸಿದ್ರಾಮಣ್ಣನೂ ನಂಬಿದ್ದರು.

ಇಷ್ಟು ನನಗೆ ಜನರ ಬಾಯಿಂದ ಗೊತ್ತಿತ್ತೇ ಹೊರತು ಆ ಮನೆಯವರ ಪರಿಚಯ ಇರಲಿಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯ ಮಗಳು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮಾಸ್ತರು. ಮನೆಯ ಪಡಸಾಲೆಯಲ್ಲಿ ನನ್ನದೊಂದು ಹೊಲಿಗೆ ಯಂತ್ರ ಇತ್ತು, ಕೈಗೆ ಸಾಕಷ್ಟು ಕೆಲಸವೂ ಇತ್ತು. ಲಕ್ವಾ ಹೊಡೆದ ನನ್ನ ಅವ್ವ ಹಲವು ವರ್ಷ ನನ್ನ ಹತ್ತಿರವೇ ಮಲಗಿದ್ದಳು. ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಅವಳಿಗಾಗಿ ಹೊಲಿದ ದಿಂಬು, ಗಾದಿ, ಸುತ್ತು ಬಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿದ ದಿನವೇ ಯಂತ್ರಕ್ಕೂ ಬಟ್ಟೆ ಮುಚ್ಚಿದ್ದೆ. ಹೊಲಿಯಲು ಕೂತರೆ ಒಳಕೋಣೆಯಿಂದ ಅವಳು ಕರೆದ ಹಾಗೆ ಆಗುತ್ತಿತ್ತು. ಬಂದ ಗಿರಾಕಿಗಳನ್ನು ಬೇರೆ ಕಡೆ ಕಳಿಸುತ್ತಿದ್ದೆ.

ದೀಪಾವಳಿ ಕಳೆದು ಸಕ್ಕರೆ ಕಾರ್ಖಾನೆಗಳ ಹೊಗೆ ಶುರುವಾಗಿತ್ತು. ಒಂದು ಮುಂಜಾನೆ ಎತ್ತರದ, ತುಸು ಬಾಗಿದ ಮನುಷ್ಯರೊಬ್ಬರು ಬಾಗಿಲಲ್ಲಿ ನಿಂತು ಶಾಂತಕ್ಕನ ಮನೆ ಇದೇನಾ ಎಂದು ಕೇಳಿದರು. ಬಿಳಿ ಅಂಗಿ, ಧೋತರ; ಆದರೆ ಬೆರಳುಗಳ ತುಂಬ ಹಳೆಯ ಸುಟ್ಟ ಕಲೆಗಳು. ಹೆಸರು ಹೇಳುವ ಮೊದಲೇ ಯಾರೆಂದು ತಿಳಿಯಿತು. ಚಹಾ ಮುಟ್ಟಲಿಲ್ಲ. ನೆಲ ನೋಡುತ್ತ ಹೇಳಿದರು.

“ನಮ್ಮ ತಮ್ಮಗ ಒಂದು ಕಾರ್ ಕಟ್ಟಾಕತ್ತೇನ್ರಿ. ಕೈಲೇ ಓಡಸೂವಂಥಾದ್ದು. ಗಾಡಿ ನಾ ಮಾಡ್ತೇನಿ. ಅಂವ ಕೂಡೂ ಜಾಗಾ ಮಾತ್ರ ನನ್ನ ಕೈಲೆ ಆಗೂದಿಲ್ಲ.”

ಶ್ರೀಶೈಲನ ಬೆನ್ನಿಗೆ, ತೊಡೆಯ ಹಿಂಭಾಗಕ್ಕೆ ಮಲಗಿ ಮಲಗಿ ಹುಣ್ಣಾಗುತ್ತಿದ್ದವು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಬಿರುಸಾದದ್ದರ ಮೇಲೆ ಕೂತರೆ ಸಂಜೆಯೊಳಗೆ ಚರ್ಮ ಒಡೆಯುತ್ತಿತ್ತು. ಜಮಖಂಡಿಯ ದವಾಖಾನೆಯ ನರ್ಸ್‌ಬಾಯಿ ಅವರಿಗೆ ನಮ್ಮ ಅವ್ವನ ಸಂಗತಿ ಹೇಳಿದ್ದಳಂತೆ. ವರ್ಷಗಟ್ಟಲೆ ಮಲಗಿದರೂ ಆ ಮುದುಕಿಯ ಮೈಗೆ ಒಂದು ಹುಣ್ಣೂ ಆಗಲಿಲ್ಲ, ಮಗಳು ಅಂಥ ಗಾದಿ ಹೊಲಿದಿದ್ದಳು ಎಂದು. ನಾನು ಹೊಲಿಗೆ ಬಿಟ್ಟಿದ್ದೇನೆ ಅಂದೆ. ಸಿದ್ರಾಮಣ್ಣ ಒತ್ತಾಯ ಮಾಡಲಿಲ್ಲ. ಎದ್ದು ಚಪ್ಪಲಿ ಮೆಟ್ಟುವಾಗ, ನಾನೂ ಬಿಟ್ಟಿದ್ದೆ ತಾಯಿ, ಹೋದ ತಿಂಗಳು ಶೆಡ್ಡಿನ ಬೀಗ ತೆಗೆದೆ ಎಂದಷ್ಟೇ ಅಂದರು. ಅವರು ಹೋದ ಮೇಲೆ ಯಂತ್ರದ ಮೇಲಿನ ಬಟ್ಟೆ ತೆಗೆದು ಎಣ್ಣೆ ಬಿಟ್ಟೆ.

ಅಳತೆಗೆಂದು ಹಿಪ್ಪರಗಿಗೆ ಹೋದೆ. ಸಿದ್ರಾಮಣ್ಣನ ಹೆಂಡತಿ ಮಾದೇವಿ, ನಮ್ಮ ಕಡೆ ಅತ್ತಿಗೆಯನ್ನು ಕರೆಯುವಂತೆ ಎಲ್ಲರಿಗೂ ವೈನಿ, ನನ್ನನ್ನು ಹೊರಕೋಣೆಗೆ ಕರೆದೊಯ್ದರು. ಕಿಟಕಿಗೆ ಹತ್ತಿದ ಮಂಚ. ಶ್ರೀಶೈಲನ ಭುಜ, ತೋಳು ಪೈಲವಾನನಂತೆ ಇದ್ದವು. ಹೊದಿಕೆಯ ಕೆಳಗೆ ಏನೂ ಇಲ್ಲವೇನೋ ಎಂಬಷ್ಟು ಚಪ್ಪಟೆ. ವೈನಿ ಅವನನ್ನು ಹೊರಳಿಸಿ ಹುಣ್ಣಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈದುನನ ಮೈ ತೊಳೆಯುವುದು, ಹೊರಳಿಸುವುದು ಎಲ್ಲ ಅವರದೇ ಕೆಲಸ. ಮಕ್ಕಳಿಲ್ಲದ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅಳತಿ ತಗೋರಿ,” ಅಂದ ಶ್ರೀಶೈಲ, ಗೋಡೆಯ ಕಡೆ ಮುಖ ಮಾಡಿಕೊಂಡು. “ನಿಮ್ಮ ಕೆಲಸ ನೀವು ಮಾಡ್ರಿ. ಖರೆ, ಅಂವ ಮಾಡಿದ್ದರಾಗ ನಾ ಕೂಡೂದಿಲ್ಲ.”

ನಾನು ಟೇಪು ಬಿಚ್ಚಿದೆ. ಅವ್ವನೂ ಎಷ್ಟೋ ಸಲ ನಾ ಉಣ್ಣೂದಿಲ್ಲ, ನಾ ಏಳೂದಿಲ್ಲ ಅಂತಿದ್ದಳು. ಅಳತೆ ತೆಗೆದುಕೊಂಡು ಬಂದೆ.

ಆ ಚಳಿಗಾಲವೆಲ್ಲ ಗಾದಿಯ ಕೆಲಸ ನಡೆಯಿತು. ಮೊದಲನೆಯದು ಮೆತ್ತಗಾಗಿ ಕುಸಿಯಿತು. ಎರಡನೆಯದಕ್ಕೆ ಬೂರಲ ಹತ್ತಿ ತುಂಬಿ, ಹುಣ್ಣು ತಾಗುವ ಕಡೆ ಕುಳಿ ಬಿಟ್ಟೆ. ಮೇಲುಬಟ್ಟೆಗೆ ಒಂದೂ ಹೊಲಿಗೆ ಮೈಗೆ ಒತ್ತದ ಹಾಗೆ ನಮ್ಮ ಓಣಿಯ ಮಗ್ಗದಲ್ಲಿ ಅಗಲ ಪನ್ನದ ಬಟ್ಟೆ ನೇಯಿಸಿದೆ. ಪ್ರತಿ ಸಲವೂ ಅದನ್ನು ಹಿಪ್ಪರಗಿಗೆ ಒಯ್ದು ಮಂಚದ ಮೇಲೆಯೇ ಶ್ರೀಶೈಲನನ್ನು ಕೂರಿಸಿ ನೋಡಬೇಕು. ಅವನು ಸುಮ್ಮನೆ ಕೂತು, ಸುಮ್ಮನೆ ಮಲಗುತ್ತಿದ್ದ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ, ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ, ಕಿಟಕಿಯ ಹೊರಗೆ ನೋಡುತ್ತ ಕೇಳಿದ.

“ಎಂಜಿನ್ ಯಾವುದು ಹಾಕ್ಯಾನ?”

ನನಗೆ ಗೊತ್ತಿರಲಿಲ್ಲ. ಮರುದಿನ ಶೆಡ್ಡಿಗೆ ಹೋಗಿ ಸಿದ್ರಾಮಣ್ಣನಿಗೆ ಹೇಳಿದೆ. ತಗಡು ಬಡಿಯುತ್ತಿದ್ದ ಅವರ ಸುತ್ತಿಗೆ ನಿಂತಿತು. ಅವನು ಕೇಳಿದನಾ ಎಂದು ಎರಡು ಮೂರು ಸಲ ಕೇಳಿದರು. ಆಮೇಲೆ ಎಂಜಿನ್ನಿನ ಬಗ್ಗೆ ನನಗೆ ಒಂದಕ್ಷರ ಅರ್ಥವಾಗದ ಒಂದಿಷ್ಟು ಮಾತು ಹೇಳಿ, ಮರೆಯದೆ ಹಾಗೇ ಹೇಳಬೇಕೆಂದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ ಹೇಳಿದೆ. ಶ್ರೀಶೈಲ ಕೇಳಿಸಿಕೊಂಡು, ಗೇರ್ ತಾನೇ ಬದಲಾಗುವಂಥದು ಆಗಬೇಕು, ಬ್ರೇಕಿನ ಹಿಡಿ ಎಡಗೈಗೆ ಇರಲಿ, ಬಲಗೈ ಸ್ಟೇರಿಂಗಿಗೆ ಬೇಕು ಎಂದ. ಅದನ್ನು ಶೆಡ್ಡಿಗೆ ತಂದು ಹೇಳಿದೆ. ಹೀಗೆ ಬೇಸಿಗೆಯ ಹೊತ್ತಿಗೆ ನಾನು ಆ ಅಣ್ಣ ತಮ್ಮಂದಿರ ಬಾಯಾಗಿದ್ದೆ. ಒಮ್ಮೆ ಸಿದ್ರಾಮಣ್ಣ ಬಿಳಿ ಬಣ್ಣ ಹೊಡೆಯುವ ವಿಚಾರ ಹೇಳಿ ಕಳಿಸಿದಾಗ ಶ್ರೀಶೈಲ ತಲೆ ಅಲ್ಲಾಡಿಸಿದ. ಬಿಳಿ ಬೇಡ, ಆಂಬ್ಯುಲೆನ್ಸ್ ಅಂತ ಜನ ದಾರಿ ಬಿಡುತ್ತಾರೆ ಎಂದ. ವೈನಿ ನಕ್ಕರು. ಅವನೂ ನಗಬೇಕೆಂದಿದ್ದವನು ತಡೆದುಕೊಂಡ. ಕೊನೆಗೆ ಎಳೆ ಕಬ್ಬಿನ ಗರಿಯ ಹಸಿರು ಹೊಡೆದರು.

ಅಂಥ ಬಿಸಿಲನ್ನು ನಾನು ಆಮೇಲೆ ಕಂಡಿಲ್ಲ. ಶೆಡ್ಡಿನ ತಗಡು ಕಾದು ಒಳಗೆ ಉಸಿರು ಕಟ್ಟುತ್ತಿತ್ತು. ಕಬ್ಬು ಕಟಾವಾದ ಹೊಲಗಳಲ್ಲಿ ಒಣ ಗರಿಯ ರವದಿ ಸುಡುತ್ತಿದ್ದರು. ಕರಿ ಬೂದಿ ಹಾರಿ ಬಂದು ನನ್ನ ಬಟ್ಟೆಯ ಮೇಲೆ ಕೂರುತ್ತಿತ್ತು. ಸೀಟಿನ ಚೌಕಟ್ಟಿಗೆ ಬಟ್ಟೆ ಬಿಗಿಯಲು ನಾನು ಅಲ್ಲೇ ಮೂಲೆಯಲ್ಲಿ ಕೂತಿರುತ್ತಿದ್ದೆ. ಸಿದ್ರಾಮಣ್ಣ ಕೆಲಸಕ್ಕೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ಈ ಕಾರಿನ ಒಂದು ಬೋಲ್ಟನ್ನೂ ಬೇರೆಯವರ ಕೈ ಬಿಗಿಯಬಾರದು ಎನ್ನುವ ಹಟ. ಸ್ಟೇರಿಂಗಿನ ಜೋಡಣೆ ಬೆಸೆಯುವ ದಿನ ಬಂತು. ಬೆಸೆದರು, ಕತ್ತರಿಸಿದರು, ಮತ್ತೆ ಬೆಸೆದರು. ಆಮೇಲೆ ನೀರು ಕುಡಿಯಲೆಂದು ಬಂದು ನನ್ನ ಎದುರು ಕೂತು, ನಾನು ಕೇಳದೆಯೇ ಹೇಳತೊಡಗಿದರು.

“ಆ ದಿನ ಊಟಕ್ಕ ಹೊಂಟಾಗ, ಇದು ಇನ್ನ ಗಟ್ಟಿ ಆಗಿಲ್ಲೋ, ಮುಟ್ಟಬ್ಯಾಡ ಅಂತ ಅಂವಗ ಹೇಳಿದ್ನೋ ಇಲ್ಲೋ, ನನಗ ನೆನಪಿಲ್ರಿ ಶಾಂತಕ್ಕ. ಕೈ ತೊಳಕೊಂಡಿದ್ದು ನೆನಪೈತಿ. ಬಾಗಲಾ ದಾಟಿದ್ದು ನೆನಪೈತಿ. ಅದೊಂದು ಮಾತ ನೆನಪಿಲ್ಲ. ಅಂವ ಹೇಳಿಲ್ಲ ಅಂತಾನ. ಹಂಗಾರ ಹೇಳಿರಾಕಿಲ್ಲ.”

ನೆನಪಿಗೆ ಬಾರದ ಒಂದು ಮಾತಿಗೆ ಇಷ್ಟು ವರ್ಷ ಯಾಕೆ ಒಳಗೇ ಸುಟ್ಟುಕೊಳ್ಳುತ್ತೀರಿ ಎಂದು ಸಮಾಧಾನ ಹೇಳಲು ಹೋದೆ. ಹೇಳಿದ್ದರೆ ಅವನು ಕೇಳುತ್ತಿದ್ದ, ನನ್ನ ಮಾತು ಎಂದೂ ಮೀರಿದವನಲ್ಲ ಎಂದು ಅಷ್ಟೇ ಮೆಲ್ಲಗೆ ಹೇಳಿ ಎದ್ದು ಹೋದರು.

ಕಾರಹುಣ್ಣಿಮೆಯ ಆಸುಪಾಸಿಗೆ ಕಾರು ತಯಾರಾಯಿತು. ಮೋಡ ಕವಿದ, ಮಳೆಯಿಲ್ಲದ ದಿನ. ಸಿದ್ರಾಮಣ್ಣ ಅದನ್ನು ತಂದು ಮನೆಯ ಅಂಗಳದಲ್ಲಿ ನಿಲ್ಲಿಸಿದರು. ಅಗಲದ ಬಾಗಿಲು, ತಗ್ಗಿನ ನೆಲ. ಸೀಟು ತಿರುಗಿ ಹೊರಗೆ ಬರುತ್ತಿತ್ತು. ವೈನಿ ಹೊರಕೋಣೆಗೆ ಹೋಗಿ, ಗಾಡಿ ಬಂದೈತಿ ಎಂದಷ್ಟೇ ಹೇಳಿ ಹೊರಗೆ ಬಂದರು. ನಾವು ಮೂವರೂ ಅಂಗಳದಲ್ಲಿ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಶ್ರೀಶೈಲ ವೈನಿಯನ್ನು ಕರೆದು, ಬಿಳಿ ಅಂಗಿ ಕೊಡು ಎಂದ.

ಅವನನ್ನು ಎತ್ತಲು ಸಿದ್ರಾಮಣ್ಣ ಒಳಗೆ ಹೋದರು. ಮಂಚದ ಹತ್ತಿರ ನಿಂತರೇ ಹೊರತು ಮುಟ್ಟಲಿಲ್ಲ. ಬಿದ್ದ ದಿನದಿಂದ ಶ್ರೀಶೈಲ ಅಣ್ಣನ ಕೈ ತನ್ನ ಮೈಗೆ ತಾಗಗೊಟ್ಟಿರಲಿಲ್ಲ. ಈಗ ಅವನೇ ತೋಳು ಚಾಚಿ ಅಣ್ಣನ ಕೊರಳಿಗೆ ಹಾಕಿದ. ಮುಖ ಮಾತ್ರ ಬೇರೆ ಕಡೆ ಇತ್ತು. ಸಿದ್ರಾಮಣ್ಣ ಅವನನ್ನು ಎತ್ತಿ ತಂದು ಸೀಟಿನಲ್ಲಿ ಕೂರಿಸಿ, ಕಾಲುಗಳನ್ನು ಒಂದೊಂದಾಗಿ ಒಳಗೆ ಇಟ್ಟು, ತಾವು ಸುತ್ತಿ ಬಂದು ಪಕ್ಕದಲ್ಲಿ ಕೂತರು. ಕಾರು ಅಂಗಳ ದಾಟಿ ಬ್ಯಾರೇಜಿನ ದಾರಿ ಹಿಡಿಯಿತು. ವೈನಿ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಬಂದ್ರು ನೋಡ್ರಿ ಎಂದು ನಾನು ಹೇಳುವವರೆಗೂ ತೆಗೆಯಲಿಲ್ಲ.

ಮರಳಿ ಬಂದಾಗ ಶ್ರೀಶೈಲನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಎಂಜಿನ್ ಆರಿಸಿದ. ಎದುರಿನ ಗಾಜನ್ನೇ ನೋಡುತ್ತ ಹೇಳಿದ.

“ಸ್ಟೇರಿಂಗ್ ಬಿಗಿ ಐತಿ. ತೋಳ ನೋಯ್ತಾವು.”

ಇಷ್ಟು ವರ್ಷಗಳ ಮೇಲೆ ಅವನು ಅಣ್ಣನ ಜೊತೆ ಆಡಿದ ಮೊದಲ ಮಾತು ಅದು. ಸಡಿಲ ಮಾಡಿ ಕೊಡ್ತೇನಿ ಅಂದರು ಸಿದ್ರಾಮಣ್ಣ. ಅವನನ್ನು ಮಂಚಕ್ಕೆ ಮುಟ್ಟಿಸಿ, ಹಿತ್ತಿಲಿಗೆ ಹೋಗಿ, ಬಹಳ ಹೊತ್ತು ದನಗಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ನಿಂತಿದ್ದರು. ವೈನಿ ಹೋಗಿ ಕರೆಯಲಿಲ್ಲ. ನನಗೂ ಕಣ್ಣು ಸನ್ನೆ ಮಾಡಿ ತಡೆದರು.

ಸಡಿಲ ಮಾಡುವುದು ನಾವು ತಿಳಿದಷ್ಟು ಹಗುರದ ಕೆಲಸ ಆಗಿರಲಿಲ್ಲ. ಅದಕ್ಕೆ ಬೇಕಾದ ಸಾಮಾನು ಹುಬ್ಬಳ್ಳಿಯಿಂದ ಬರಬೇಕಿತ್ತು, ಬಂದದ್ದು ಕೂಡಲಿಲ್ಲ, ತಿರುಗಿ ಕಳಿಸಿದರು. ಆಷಾಢ ಹಾಗೇ ಹೋಯಿತು. ಕಾರು ಶೆಡ್ಡಿನಲ್ಲಿತ್ತು. ಶ್ರೀಶೈಲ ದಿನಾ ವೈನಿಯ ಮುಂದೆ ಕಾರಿನ ಮಾತು ತೆಗೆಯುತ್ತಿದ್ದನಂತೆ. ಮೊದಲು ಜಮಖಂಡಿಗೆ ಹೋಗುತ್ತೇನೆ, ಪೇಟೆಯಲ್ಲಿ ಒಂದು ಸುತ್ತು ಹಾಕುತ್ತೇನೆ ಎನ್ನುತ್ತಿದ್ದನಂತೆ.

ಶ್ರಾವಣದಲ್ಲಿ ಹೊಳೆ ಏರಿತು. ನಮ್ಮಲ್ಲಿ ಹೇಳಿಕೊಳ್ಳುವಂಥ ಮಳೆಯಿರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಸುರಿದದ್ದೆಲ್ಲ ಕೃಷ್ಣೆಯಲ್ಲಿ ಇಳಿದು ಬಂತು. ಮುಂಜಾನೆ ಕಬ್ಬಿನ ಬುಡದಲ್ಲಿದ್ದ ನೀರು ಮಧ್ಯಾಹ್ನಕ್ಕೆ ಗರಿ ಮುಳುಗಿಸಿತ್ತು. ಸಿದ್ರಾಮಣ್ಣ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿದ್ದರು. ಮತ್ತೆ ತರಿಸಿದ ಸಾಮಾನು ಕೂಡಿತ್ತು, ಸಂಜೆಯೊಳಗೆ ಮುಗಿಸಿ ಕಾರನ್ನೇ ಓಡಿಸಿಕೊಂಡು ಮನೆಗೆ ಹೋಗಬೇಕೆಂದಿದ್ದರು. ಅಷ್ಟರಲ್ಲಿ ಊರಿಗೂ ಶೆಡ್ಡಿಗೂ ನಡುವಿನ ತಗ್ಗಿನ ರಸ್ತೆ ಮುಳುಗಿತು. ಊರು ಬಿಡಬೇಕೆಂದು ಡಂಗುರ ಆಯಿತು. ಉಳಿದಿದ್ದ ಒಂದೇ ದಾರಿಯಲ್ಲಿ, ನೆರೆಮನೆಯವರ ಟ್ರೇಲರಿನಲ್ಲಿ ಶ್ರೀಶೈಲನನ್ನು ಮಲಗಿಸಿ ವೈನಿ ಜಮಖಂಡಿಗೆ ಹೊರಟರು. ಜನ, ಕಾಳಿನ ಚೀಲ, ಕರುಗಳು ಎಲ್ಲ ಒಂದರ ಮೇಲೊಂದು. ದಾರಿಯ ತುಂಬ ಟ್ರ್ಯಾಕ್ಟರುಗಳು. ಆ ದಿನ ಮಾತ್ರ ಹನಿ ಬಿಡದೆ ಬೀಳುತ್ತಿತ್ತು. ಹೊದೆಸಿದ ತಾಡಪತ್ರಿಯ ಕೆಳಗೆ ನೀರು ಹರಿದು ಅವನ ಹಾಸಿಗೆ ಪೂರ್ತಿ ನೆನೆಯಿತು. ನಾನು ಹೊಲಿದ ಗಾದಿ ಕಾರಿನಲ್ಲಿತ್ತು, ಕಾರು ನೀರಿನ ಆಚೆ ಇತ್ತು.

ಸಿದ್ರಾಮಣ್ಣ ಸುತ್ತು ದಾರಿ ಹಿಡಿದು ಮರುದಿನ ಕಾರಿನೊಂದಿಗೆ ಜಮಖಂಡಿ ಮುಟ್ಟಿದಾಗ ತಮ್ಮನಿಗೆ ಜ್ವರ ಏರಿತ್ತು. ಒದ್ದೆಯಲ್ಲಿ ಗಂಟೆಗಟ್ಟಲೆ ಉಜ್ಜಿ ಹುಣ್ಣುಗಳು ಬಾಯಿ ತೆರೆದಿದ್ದವು. ದವಾಖಾನೆ ನೆರೆ ಬಂದ ಊರುಗಳವರಿಂದ ತುಂಬಿತ್ತು. ದಾರಿ ತುಸು ತೆರೆದ ಮೇಲೆ ಯಜಮಾನರ ಜೊತೆ ಹೋದೆ. ಶ್ರೀಶೈಲ ಗುರುತು ಹಿಡಿದ. ತುಟಿ ಒಣಗಿದ್ದವು. ಸಡಿಲ ಆಯಿತೇನು ಕೇಳ್ರಿ ಅಂದ. ಅಣ್ಣ ಅಲ್ಲೇ, ಮಂಚದ ಕಾಲ ಬದಿಗೆ ನಿಂತಿದ್ದರು. ಆದರೂ ಹಳೆಯ ರೂಢಿಯಂತೆ ನನ್ನನ್ನೇ ಕೇಳಿದ. ನಾನು ಸಿದ್ರಾಮಣ್ಣನ ಕಡೆ ತಿರುಗಿದೆ.

“ಆತಪ್ಪ,” ಅಂದರು ಅವರು. “ಈಗ ಬೆರಳಿಲೆ ತಿರಗತೈತಿ. ಇಲ್ಲೇ ಹೊರಗ ನಿಲ್ಸೇನಿ. ನೀ ಆರಾಮ ಆಗು.”

ಆರಾಮ ಆಗಲಿಲ್ಲ. ಹೊಳೆ ಇಳಿಯುವ ಮೊದಲೇ ಅವನು ಹೋದ. ಅವರ ಹಿರಿಯರ ಮಣ್ಣಾದ ಹೊಲ ನೀರಿನಡಿ ಇತ್ತು. ಜಮಖಂಡಿಯಲ್ಲೇ, ನೆಂಟರೊಬ್ಬರು ಬಿಟ್ಟುಕೊಟ್ಟ ಜಾಗದಲ್ಲಿ, ಯಾರದೋ ಬದುವಿನ ಪಕ್ಕ ಅವನನ್ನು ಕೂರಿಸಿ ಮಣ್ಣು ಹಾಕಿದರು. ಅಣ್ಣ ಹೆಗಲು ಕೊಟ್ಟದ್ದು, ಕುಣಿಗೆ ಇಳಿದದ್ದು, ಹತ್ತಿ ಬಂದದ್ದು ಎಲ್ಲ ನೋಡಿದೆ. ಅವರು ಅಳಲಿಲ್ಲ. ದವಾಖಾನೆಯ ಮುಂದೆ ಬೇವಿನ ಗಿಡದಡಿ ಆ ಹಸಿರು ಕಾರು ಎಲೆ ಉದುರಿಸಿಕೊಂಡು ನಿಂತೇ ಇತ್ತು.

ಆ ವರ್ಷ ನನಗೆ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಶೆಡ್ಡಿಗೆ ಮತ್ತೆ ಬೀಗ ಬಿತ್ತೆಂದೇ ತಿಳಿದಿದ್ದೆವು. ಆದರೆ ಬಾಡಗಂಡಿಯ ಕಡೆಯ ಸಾಲಿಯ ಒಬ್ಬ ಟೀಚರ್, ಚಿಕ್ಕಂದಿನಲ್ಲೇ ಪೋಲಿಯೋದಿಂದ ಕಾಲು ಕಳೆದುಕೊಂಡವಳು, ಆಟೋ ಮಾಡಿಕೊಂಡು ಬಂದು ಆ ಕಾರನ್ನು ತನಗೆ ಕೊಡಿರೆಂದು ಕೇಳಿದಳು. ಸಿದ್ರಾಮಣ್ಣ ಆಗುವುದಿಲ್ಲವೆಂದರು. ಅವಳು ಮತ್ತೆ ಬಂದಳು. ಕೊನೆಗೆ ಅದನ್ನು ಕೊಡದೆ, ಅವಳ ಅಳತೆಗೆ ಹೊಸದೊಂದನ್ನು ಕಟ್ಟಿಕೊಟ್ಟರು. ಅವಳು ಮೊದಲ ಸಲ ಬೀಳಗಿಯವರೆಗೆ ಓಡಿಸಿಕೊಂಡು ಹೋದಾಗ ಪಕ್ಕದಲ್ಲಿ ಅವರೇ ಕೂತಿದ್ದರು. ಆಮೇಲೆ ಮುಧೋಳದಿಂದ ಒಬ್ಬರು, ಅಥಣಿಯ ಕಡೆಯಿಂದ ಒಬ್ಬರು, ಹೀಗೆ ಬರುತ್ತಲೇ ಹೋದರು. ಯಂತ್ರಕ್ಕೆ ಕಾಲು ಕೊಟ್ಟವರು, ಸಕ್ಕರೆ ಕಾಯಿಲೆಗೆ ಕಾಲು ಕೊಟ್ಟವರು. ಮದುವೆಯ ಮೆರವಣಿಗೆಯ ಕಾರನ್ನು ಅವರು ಮತ್ತೆ ಕಟ್ಟಲಿಲ್ಲ. ಎಲ್ಲ ಸೀಟುಗಳನ್ನೂ ನಾನೇ ಹೊಲಿದೆ. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಶ್ರೀಶೈಲನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಪ್ರತಿ ಸಲ ಸ್ಟೇರಿಂಗಿನ ಬೆಸುಗೆ ಹಾಕುವ ದಿನ ಅವರು ಊಟ ಬ್ಯಾಡೆನ್ನುತ್ತಿದ್ದರು. ಅದು ಯಾಕೆಂದು ನನಗೆ ಗೊತ್ತಿತ್ತು. ಈ ಚಳಿಯಲ್ಲಿ ಒಂದು ಮುಂಜಾನೆ ಹಿತ್ತಿಲಲ್ಲಿ ಹಲ್ಲುಜ್ಜುತ್ತ ಕೂತವರು ಹಾಗೇ ಗೋಡೆಗೆ ವಾಲಿದರಂತೆ.

ಬಸ್ಸು ಹಿಪ್ಪರಗಿ ಮುಟ್ಟಿದಾಗ ಹೊತ್ತು ಏರಿತ್ತು. ಅಂಗಳದಲ್ಲಿ ಮಾತಾಡಿಸಲು ಬಂದವರು ಕಂಬಳಿಯ ಮೇಲೆ ಕೂತಿದ್ದರು. ವೈನಿ ನನ್ನನ್ನು ಅಡಿಗೆಮನೆಗೆ ಕರೆದರು. ಚಹಾಕ್ಕೆ ನೀರಿಟ್ಟು ಒಲೆಯ ಮುಂದೆ ಕೂತರು. ಮುಖ ಬಾಡಿತ್ತು, ಕಣ್ಣು ಒಣಗಿದ್ದವು. ಅವರು ಅಳುತ್ತಾರೆ, ನಾನು ಬೆನ್ನು ಸವರಬೇಕು ಎಂದುಕೊಂಡು ಹತ್ತಿರ ಸರಿದೆ. ಅವರು ಅಳಲಿಲ್ಲ.

“ಇವರು ಹೇಳಿದ್ರಂತ್ರಿ ಶಾಂತಕ್ಕ,” ಅಂದರು.

ಏನನ್ನು ಎಂದು ಕೇಳಿದೆ. ಶ್ರೀಶೈಲ ದವಾಖಾನೆಯಲ್ಲಿದ್ದ ಕೊನೆಯ ಮಧ್ಯಾಹ್ನದ ಸಂಗತಿ ಹೇಳಿದರು. ಸಿದ್ರಾಮಣ್ಣ ಔಷಧಿ ತರಲು ಕೆಳಗೆ ಇಳಿದಿದ್ದರು. ಶ್ರೀಶೈಲ ವೈನಿಯ ಕೈ ಹಿಡಿದು, ಆ ದಿನ ಅಣ್ಣ ಹೇಳಿದ್ದ ಎಂದ. ಇದು ಇನ್ನೂ ಗಟ್ಟಿಯಾಗಿಲ್ಲ, ಮುಟ್ಟಬೇಡ ಎಂದು ಎರಡು ಸಲ ಹೇಳಿ ಹೋಗಿದ್ದ, ನಾನು ಕೇಳಲಿಲ್ಲ. ಬಿದ್ದ ಮೇಲೆ, ಅಷ್ಟು ನೋವಿನಲ್ಲಿ, ಯಾರೂ ಹೇಳಲಿಲ್ಲ ಎಂದುಬಿಟ್ಟೆ. ಅಂದ ಮೇಲೆ ತಿರುಗಿಸಿ ಹೇಳುವುದು ಆಗಲಿಲ್ಲ. ಅಣ್ಣನ ಮುಂದೆ ಈಗಲೂ ಬಾಯಿ ಬರುವುದಿಲ್ಲ, ನೀನೇ ಹೇಳಿಬಿಡು ಎಂದನಂತೆ.

ನೀವು ಹೇಳಲಿಲ್ಲವೇ ಎಂದು ಕೇಳಿದೆ. ವೈನಿ ಒಲೆಯ ಉರಿ ತಗ್ಗಿಸಿದರು. ಮಣ್ಣಿನ ದಿನ ಹೇಗೆ ಹೇಳುವುದು ಅನ್ನಿಸಿತು, ಕರ್ಮ ಮುಗಿಯಲಿ ಅನ್ನಿಸಿತು. ಅಷ್ಟರಲ್ಲಿ ಆ ಟೀಚರ್ ಬಂದಳು, ಇವರು ಶೆಡ್ಡಿಗೆ ಹೋಗತೊಡಗಿದರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ಹೋದೆ ಎಂದರು.

“ತಮ್ಮನ್ನ ಕೆಡಸೇನಿ ಅನ್ನೂದೊಂದ ಹುಳಾ ಅವರ ತಲ್ಯಾಗ ಇತ್ತು. ಅದಕ್ಕ ಮುಂಜಾನಿ ಎದ್ದು ಶೆಡ್ಡಿಗೆ ಹೋಗ್ತಿದ್ರು. ಅದನ್ನ ತಗದಬಿಟ್ರ ಯಾಕ ಏಳತಾರ, ಎಲ್ಲಿ ಹೋಗ್ತಾರ ಅಂತ ನನಗ ಅಂಜಿಕಿ ಬರ್ತಿತ್ತು.” ದನಿ ಇನ್ನೂ ತಗ್ಗಿಸಿ ಹೇಳಿದರು: “ಖರೆ ಹೇಳಬೇಕಂದ್ರ ಸಿಟ್ಟೂ ಇತ್ರಿ. ಒಬ್ಬ ಹೇಳಿದ್ದು ಮರತ, ಒಬ್ಬ ಕೇಳಿದ್ದು ಮುಚ್ಚಿಟ್ಟ. ಅಷ್ಟ ವರ್ಷ ಹುಣ್ಣ ತೊಳದಾಕಿ ನಾನು.”

ನಾನು ಕಪ್ಪುಗಳಿಗೆ ಚಹಾ ಸೋಸಿದೆ. ಅವರು ನನ್ನಿಂದ ಏನನ್ನೂ ಕೇಳಬಯಸಿದ ಹಾಗೆ ಕಾಣಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಚಹಾದ ಕಪ್ಪುಗಳನ್ನು ತಾಟಿನಲ್ಲಿಟ್ಟು ಹೊರಗೆ ಹೋದರು. ಅಂಗಳದಲ್ಲಿ ಒಬ್ಬ ಹಿರಿಯರು, ದೊಡ್ಡ ಮನುಷ್ಯ ಇದ್ದ, ಆದರೆ ಅಂದು ತಮ್ಮನಿಗೆ ಒಂದು ಮಾತು ಹೇಳಿ ಹೋಗಿದ್ದರೆ ಆ ಹುಡುಗನ ಬಾಳು ಉಳಿಯುತ್ತಿತ್ತು ಎಂದು ಹೇಳುತ್ತಿದ್ದರು. ಉಳಿದವರು ತಲೆದೂಗಿದರು. ವೈನಿ ಅವರ ಮುಂದೆ ಬಗ್ಗಿ ಚಹಾ ಇಟ್ಟು, ಒಬ್ಬೊಬ್ಬರಿಗೂ ಕೊಟ್ಟು, ಬರಿದಾದ ತಾಟು ಹಿಡಿದು ಒಳಗೆ ಬಂದರು.

ಸಂಜೆಯ ಬಸ್ಸಿಗೆಂದು ಹೊರಟಾಗ ಓಣಿಯ ಕೊನೆಯತನಕ ಬಂದರು. ನಾನು ಆಗೀಗ ಏನಾದರೂ ಬರೆಯುತ್ತೇನೆಂಬುದು ಅವರಿಗೆ ಗೊತ್ತು. ಸಿದ್ರಾಮಣ್ಣನ ಬಗ್ಗೆ ಬರೆಯಲೇ ಎಂದು ಕೇಳಿದೆ. ಅಷ್ಟರಲ್ಲಿ ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ನನ್ನ ಚೀಲ ಎತ್ತಿ ಕೈಗೆ ಕೊಟ್ಟರು.

“ಬರೀರಿ,” ಅಂದರು. “ಅವರು ತಮ್ಮಗ ಹೇಳಿದ್ರು ಅಂತ ಬರೀರಿ.”